ಅಳತೆಯನ್ನು ಬಚ್ಚಿಡಬೇಡಿ: ಉಪಕರಣ ಮಾಡುವವರಿಗೆ ಒಂದು ಮಾತು

ಕಳೆದ ಮುಂಗಾರಿಗೆ ಮುಂಚೆ ಜೋಯಿಡಾ ತಾಲ್ಲೂಕಿನ ರಾಮನಗರದ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಅರ್ಧ ದಿನ ಕುಳಿತುಕೊಳ್ಳುವ ಸಂದರ್ಭ ಬಂದಿತ್ತು. ಒಬ್ಬರು ಪವರ್ ಟಿಲ್ಲರಿನ ಮುರಿದ ಅಲಗು ತಂದಿದ್ದರು. ಇನ್ನೊಬ್ಬರು ಗದ್ದೆಯ ಬೇಲಿಗೆ ಕಬ್ಬಿಣದ ಗೇಟು ಮಾಡಿಸಲು ಬಂದಿದ್ದರು. ನೆಂಟರ ಊರಿಗೆ ಬಂದಿದ್ದ ಹಳಿಯಾಳ ಕಡೆಯ ಹಿರಿಯ ರೈತರೊಬ್ಬರು ಮಾತಿನ ನಡುವೆ ಹೀಗೆ ಹೇಳಿದರು: "ಹೋದ ವರ್ಷ ಕೂರಿಗಿ ಒಬ್ಬರ ಕಡೆ ಮಾಡಿಸಿದ್ವಿ, ಎಡಿಕುಂಟಿ ಇನ್ನೊಬ್ಬರ ಕಡೆ ಮಾಡಿಸಿದ್ವಿ. ಎರಡೂ ಗಟ್ಟಿ ಅದಾವ್ರಿ. ಆದ್ರ ಒಂದಕ್ಕೊಂದು ಕೂಡಂಗಿಲ್ಲ. ಕಸ ಉಳೀತು, ಭತ್ತ ಹೋತು."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಇಬ್ಬರು ಕೆಲಸಗಾರರೂ ತಮ್ಮ ಕಸುಬನ್ನು ಬಲ್ಲವರೇ. ಬೆಸುಗೆಯಲ್ಲಿ ದೋಷವಿರಲಿಲ್ಲ. ಆದರೆ ಒಬ್ಬರ ಅಳತೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆ ಅಜ್ಞಾನದ ಬೆಲೆಯನ್ನು ತೆತ್ತವನು ರೈತ. ನಮ್ಮ ಹಳ್ಳಿಗಳಲ್ಲಿ ಕೃಷಿ ಉಪಕರಣ ಮಾಡುವವರು ತಾವು ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸಿ, ಅಳತೆಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯೊಂದು ಆಗಬೇಕು ಎಂಬುದು ಈ ಲೇಖನದ ಮುಖ್ಯ ಅಭಿಪ್ರಾಯ.

ಅಂಗುಲದ ಬೆಲೆ

ಹಳಿಯಾಳ, ಮುಂಡಗೋಡ ಭಾಗಗಳಲ್ಲಿ ಕೂರಿಗೆ ಭತ್ತದ ಬೇಸಾಯ ಹಿಂದಿನಿಂದಲೂ ಇದೆ. ಕೂರಿಗೆ ಬಿತ್ತನೆಯ ದೊಡ್ಡ ಅನುಕೂಲವೆಂದರೆ ಸಾಲಿನ ನಡುವೆ ಎಡೆ ಹೊಡೆಯಲು ಬರುವುದು. ಕೂರಿಗೆಯ ತಾಳುಗಳ ನಡುವೆ 9 ಅಂಗುಲ ಅಂತರವಿದೆ ಎನ್ನೋಣ. ಎಡೆಕುಂಟೆಗೆ 6 ಅಂಗುಲ ಅಗಲದ ಮೂರು ಕುಡಗಳಿವೆ ಎನ್ನೋಣ. ಕುಡಗಳ ನಡುವಿನ ಅಂತರವೂ 9 ಅಂಗುಲವಾಗಿದ್ದರೆ ಪ್ರತಿ ಕುಡದ ಎರಡೂ ಬದಿಗೆ ಒಂದೂವರೆ ಅಂಗುಲ ಜಾಗ ಉಳಿದು ಪೈರು ಕ್ಷೇಮವಾಗಿರುತ್ತದೆ. ಅದನ್ನು 8 ಅಂಗುಲಕ್ಕೆ ಬೆಸೆದಿದ್ದರೆ, ನಡುವಿನ ಕುಡ ಸರಿಯಾಗಿ ನಡೆದರೂ ಅಂಚಿನ ಕುಡಗಳು ಒಂದೊಂದು ಅಂಗುಲ ಒಳಕ್ಕೆ ಸರಿಯುತ್ತವೆ. ಆಗ ಒಂದು ಬದಿಗೆ ಉಳಿಯುವುದು ಅರ್ಧ ಅಂಗುಲ ಮಾತ್ರ. ಎತ್ತು ಸ್ವಲ್ಪ ಓರೆಯಾದರೂ ಸಾಲು ಕಿತ್ತುಹೋಗುತ್ತದೆ. ಇನ್ನೊಂದು ಬದಿಯಲ್ಲಿ ಕಸ ಹಾಗೆಯೇ ನಿಲ್ಲುತ್ತದೆ.

ಗೋವಿನಜೋಳದ ಲೆಕ್ಕವನ್ನೂ ನೋಡಿರಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 33,700 ಗಿಡಗಳು ಬರುತ್ತವೆ. ಬಿತ್ತುವ ಯಂತ್ರದ ತಾಳುಗಳನ್ನು 75 ಸೆಂ.ಮೀ.ಗೆ ಕೂರಿಸಿ, ಸಾಲಿನೊಳಗಿನ ಅಂತರವನ್ನು ಬದಲಿಸದೆ ಬಿಟ್ಟರೆ ಸುಮಾರು 27,000 ಗಿಡಗಳು ಮಾತ್ರ. ಐದರಲ್ಲಿ ಒಂದು ಪಾಲು ಗಿಡಗಳು ಬಿತ್ತನೆಯ ದಿನವೇ ಕಡಿಮೆಯಾದಂತೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಇಲ್ಲದ ಗಿಡ ತೆನೆ ಕೊಡುವುದಿಲ್ಲ. ನಾವು ವಿಜ್ಞಾನಿಗಳು ತಳಿ, ಗೊಬ್ಬರ, ಔಷಧಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಆದರೆ ಗಿಡಗಳ ಸಂಖ್ಯೆಯನ್ನು ನಿರ್ಧರಿಸುವ ಕೈ ವೆಲ್ಡಿಂಗ್ ಅಂಗಡಿಯಲ್ಲಿದೆ ಎಂಬುದನ್ನು ಮರೆಯುತ್ತೇವೆ.

ಕುಲುಮೆಯಿಂದ ವೆಲ್ಡಿಂಗ್ ಅಂಗಡಿಗೆ

ಹಿಂದೆ ಊರಿನ ಬಡಿಗ, ಕಮ್ಮಾರರು ಸುಗ್ಗಿಯಲ್ಲಿ ಆಯ ಪಡೆದು ವರ್ಷವಿಡೀ ಉಪಕರಣಗಳನ್ನು ಮಾಡಿ ರಿಪೇರಿ ಮಾಡಿಕೊಡುತ್ತಿದ್ದರು. ಕೂರಿಗೆ, ಕುಂಟೆ, ರಂಟೆ ಎಲ್ಲವೂ ಒಂದೇ ಊರಿನ ಕೈಗಳಲ್ಲಿ ತಯಾರಾಗುತ್ತಿದ್ದುದರಿಂದ ಅಳತೆಗಳು ತಾವಾಗಿಯೇ ಹೊಂದಿಕೊಳ್ಳುತ್ತಿದ್ದವು. ಅಳತೆಯನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ಈಗ ಒಳ್ಳೆಯ ಮರ ಸುಲಭವಾಗಿ ಸಿಗುವುದಿಲ್ಲ. ಕಾಡಿನ ನಡುವೆಯೇ ಇರುವ ಜೋಯಿಡಾದಲ್ಲಿ ಕೂಡ ಸಿಗುವುದಿಲ್ಲ. ಮರದ ಜಾಗಕ್ಕೆ ಕಬ್ಬಿಣದ ಆಂಗಲ್, ಚೌಕ ಪೈಪು, ಪಟ್ಟಿಗಳು ಬಂದಿವೆ. ಕೆಲಸ ನಾಲ್ಕಾರು ಊರುಗಳ ಅಂಗಡಿಗಳಿಗೆ ಹಂಚಿಹೋಗಿದೆ. ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಕೊಂಡು ಮನೆಯ ಹಿತ್ತಲಲ್ಲಿಯೇ ಹವ್ಯಾಸಕ್ಕೆಂದು ಬೆಸುಗೆ ಕಲಿತ ರೈತ ಯುವಕರೂ ಇದ್ದಾರೆ. ಹೀಗೆ ಕಸುಬು ಹರಡಿತು, ಆದರೆ ಅದರ ಜೊತೆ ಸಾಗುತ್ತಿದ್ದ ಅಳತೆಯ ತಿಳಿವಳಿಕೆ ಚದುರಿಹೋಯಿತು.

ರಾಮನಗರಕ್ಕೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿದಾಗ ಅನೇಕ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಬೇರೆ ಬೇರೆ ಊರಿನವರು ಹೊಸ ಮಣ್ಣಿನಲ್ಲಿ ಹೊಸದಾಗಿ ಬೇಸಾಯ ಹೂಡಬೇಕಾಯಿತು. ಇಲ್ಲಿಯ ಗದ್ದೆಗಳು ಸಣ್ಣವು, ಮಳೆ ಹೆಚ್ಚು. ಬಯಲುಸೀಮೆಯ ಟ್ರ್ಯಾಕ್ಟರಿಗೆಂದು ಮಾಡಿದ ದೊಡ್ಡ ಉಪಕರಣ ಇಂತಹ ಗದ್ದೆಯಲ್ಲಿ ತಿರುಗುವುದೇ ಕಷ್ಟ. 2014-15ರಿಂದ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಯಂತ್ರಗಳು ಬಾಡಿಗೆಗೆ ದೊರೆಯಲು ಆರಂಭವಾದದ್ದು ಒಳ್ಳೆಯದೇ. ಆದರೂ ಕಾರ್ಖಾನೆಯ ಯಂತ್ರ ಪ್ರತಿಯೊಂದು ಮೂಲೆಯ ಗದ್ದೆಗೂ ಹೊಂದುವುದಿಲ್ಲ. ಅದನ್ನು ಹೊಂದಿಸಿಕೊಡುವವನು ಸ್ಥಳೀಯ ಬೆಸುಗೆಯವನೇ.

ನಮ್ಮ ನೆಲದ ಉದಾಹರಣೆಗಳು

ಸಣ್ಣ ಅಂಗಡಿಯಿಂದ ದೊಡ್ಡ ಕೆಲಸ ಆಗುವುದಿಲ್ಲವೆಂದು ತಿಳಿಯಬೇಕಾಗಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಇಲ್ಲಿಗೆ ದೂರವಲ್ಲದ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಬಂದರು. ಕಬ್ಬಿಣದಿಂದ ಭೂಮಿಗೆ ವಿಷವೇರುತ್ತದೆಂಬ ಅಂಜಿಕೆಯಿಂದ ರೈತರು ಮೊದಲಿಗೆ ಆ ನೇಗಿಲನ್ನು ಮುಟ್ಟಲು ಹಿಂಜರಿದರು. ಹೊಲದಲ್ಲಿ ಕಣ್ಣಾರೆ ಕಂಡ ಮೇಲೆಯೇ ಅಂಜಿಕೆ ಹೋಯಿತು. ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋದದ್ದು 1910ರಲ್ಲಿ.

ನಮ್ಮ ಕಾಲದಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ, ಬೀಜ ಮತ್ತು ಗೊಬ್ಬರವನ್ನು ಕೂಡಿ ಬಿತ್ತುವ ಕೂರಿಗೆ, ನೀರು ಕಾಯಿಸುವ ಬಾಯ್ಲರ್ ಮೊದಲಾದವುಗಳನ್ನು ರೂಪಿಸಿದರು. ತಮ್ಮ ಹೊಲದ ತೊಂದರೆಯಿಂದಲೇ ಅವರು ಕೆಲಸ ಆರಂಭಿಸಿದ್ದು ಗಮನಾರ್ಹ. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ದಕ್ಷಿಣ ಕನ್ನಡದಲ್ಲಿ 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ' ರೈತರ ಕೈಗೇ ಲೇಖನಿ ಕೊಟ್ಟು, ಅವರು ಕಂಡುಕೊಂಡ ಉಪಾಯಗಳನ್ನು ಊರಿಂದೂರಿಗೆ ಮುಟ್ಟಿಸುತ್ತ ಬಂದಿದೆ. ಒಬ್ಬನ ಹಿತ್ತಲಿನ ಉಪಾಯ ಸಾವಿರ ಜನರ ಸೊತ್ತಾಗುವುದು ಹೀಗೆ.

ಏನನ್ನು ಹಂಚಿಕೊಳ್ಳಬೇಕು?

ಚಿತ್ರವೊಂದನ್ನು ತೋರಿಸಿದರೆ ಸಾಲದು. ಚಿತ್ರದಿಂದ ಆಸೆ ಹುಟ್ಟುತ್ತದೆ, ಉಪಕರಣ ಹುಟ್ಟುವುದಿಲ್ಲ. ಪ್ರತಿ ಉಪಕರಣಕ್ಕೂ ಒಂದು ಹಾಳೆಯಲ್ಲಿ ಈ ಕೆಳಗಿನ ವಿವರಗಳನ್ನು ಬರೆದಿಡುವುದು ಅವಶ್ಯ.

1. ಯಾವ ಬೆಳೆಗೆ, ಎಂತಹ ಮಣ್ಣಿಗೆ, ಎತ್ತಿಗೋ ಟಿಲ್ಲರಿಗೋ ಟ್ರ್ಯಾಕ್ಟರಿಗೋ ಎಂಬುದು.

2. ತಾಳು ಅಥವಾ ಕುಡಗಳ ನಡುವಿನ ಅಂತರ, ಅಗಲ, ನೆಲಕ್ಕೆ ಇಳಿಯುವ ಆಳ. ಅಳತೆಯನ್ನು ಅಂಚಿನಿಂದ ಅಂಚಿಗಲ್ಲ, ನಡುವಿನಿಂದ ನಡುವಿಗೆ ಕೊಡಬೇಕು. ಅರ್ಧ ತಕರಾರು ಹುಟ್ಟುವುದು ಇಲ್ಲಿಯೇ.

3. ಬಳಸಿದ ಕಬ್ಬಿಣದ ಜಾತಿ ಮತ್ತು ದಪ್ಪ, ಬಳಸಿದ ವೆಲ್ಡಿಂಗ್ ರಾಡು.

4. ಒಟ್ಟು ತೂಕ ಹಾಗೂ ತಗುಲಿದ ಖರ್ಚು.

5. ಎಷ್ಟು ಎಕರೆ ಕೆಲಸ ಮಾಡಿತು, ಎಲ್ಲಿ ಮುರಿಯಿತು, ಮುಂದಿನದರಲ್ಲಿ ಏನು ಬದಲಿಸಲಾಯಿತು.

ಇವುಗಳಲ್ಲಿ ಐದನೆಯದು ಎಲ್ಲಕ್ಕಿಂತ ಮುಖ್ಯ. ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಮುರಿದದ್ದನ್ನು ಹೇಳುವವನು ಹತ್ತು ಜನರ ಹಣ ಉಳಿಸುತ್ತಾನೆ. ಒಂದು ಉದಾಹರಣೆ: ಕುಂಟೆಯ ಕುಡಕ್ಕೆ ಲಾರಿಯ ಹಳೆಯ ಕಮಾನು ಪಟ್ಟಿ ಬಳಸುವುದು ರೂಢಿ. ಅದು ಸವೆಯುವುದು ಕಡಿಮೆ, ನಿಜ. ಆದರೆ ಅದರಲ್ಲಿ ಇಂಗಾಲದ ಅಂಶ ಹೆಚ್ಚು. ಗೇಟು, ಕಿಟಕಿಗಳಿಗೆ ಬಳಸುವ ಸಾಮಾನ್ಯ ರಾಡಿನಿಂದ ಬೆಸೆದು ಕೂಡಲೇ ನೀರು ಹಾಕಿ ಆರಿಸಿದರೆ ಬೆಸುಗೆಯ ಪಕ್ಕದಲ್ಲಿಯೇ ಸಣ್ಣ ಬಿರುಕು ಬಿಟ್ಟು, ಮೊದಲ ಕಲ್ಲಿಗೆ ತಾಗಿದಾಗ ಮುರಿಯುತ್ತದೆ. ಜಲಜನಕ ಕಡಿಮೆಯಿರುವ ರಾಡನ್ನು ಒಣಗಿಸಿ ಬಳಸಬೇಕು. ಪಟ್ಟಿಯನ್ನು ಮೊದಲು ಕಾಯಿಸಿಕೊಳ್ಳಬೇಕು. ಬೆಸೆದ ಮೇಲೆ ಬೂದಿಯಲ್ಲೋ ಒಣ ಮರಳಿನಲ್ಲೋ ಹುಗಿದು ನಿಧಾನವಾಗಿ ಆರಲು ಬಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ರಾಡುಗಳು ತೇವ ಹೀರಿಕೊಳ್ಳುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇದಕ್ಕಿಂತ ಉತ್ತಮವೆಂದರೆ ಕುಡವನ್ನು ಬೆಸೆಯದೆ ಬೋಲ್ಟು ಹಾಕಿ ಕೂರಿಸುವುದು. ಸವೆದಾಗ ರೈತನೇ ಬಿಚ್ಚಿ ಬದಲಿಸಬಹುದು. ತಾಳುಗಳನ್ನೂ ಹೀಗೆಯೇ ಹಿಡಿಕೆಪಟ್ಟಿಯಿಂದ ಬಿಗಿದರೆ ಬೆಳೆಗೆ ತಕ್ಕಂತೆ ಅಂತರವನ್ನು ಸರಿಸಿಕೊಳ್ಳಲು ಬರುತ್ತದೆ.

ಜೀವದ ಪ್ರಶ್ನೆ

ಬೆಳೆಯ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಕೈ ಕಳೆದುಕೊಂಡರೆ ತುಂಬಿಕೊಳ್ಳುವುದು ಹೇಗೆ? ಒಕ್ಕಣೆ ಯಂತ್ರದಿಂದ ಕೈ ಕಳೆದುಕೊಳ್ಳುವವರು ಹೆಚ್ಚಿದಾಗ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನೇ ಮಾಡಬೇಕಾಯಿತು. ಪೈರು ತುರುಕುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ.ನಷ್ಟು ಭಾಗ ಮೇಲಿನಿಂದ ಮುಚ್ಚಿರಬೇಕು. ಕೈ ಡ್ರಮ್ಮಿನ ಹಲ್ಲುಗಳನ್ನು ಮುಟ್ಟಬಾರದೆಂಬುದೇ ಇದರ ಉದ್ದೇಶ. ಕಬ್ಬಿಣ ಉಳಿಸಲೆಂದು ದೋಣಿಯನ್ನು ಗಿಡ್ಡ ಮಾಡುವುದು ಉಳಿತಾಯವಲ್ಲ, ಅಪರಾಧ. ಟ್ರ್ಯಾಕ್ಟರಿನ ಹಿಂದಿನ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅದಕ್ಕೆ ಮುಚ್ಚಳವಿಲ್ಲದಿದ್ದರೆ ಸೀರೆಯ ಸೆರಗು, ಪಂಚೆಯ ಅಂಚು ಸಿಕ್ಕಿಕೊಳ್ಳಲು ಕ್ಷಣವೂ ಬೇಡ. ನೋಡಿ ನಕಲು ಮಾಡುವವರು ಮುಚ್ಚಳವನ್ನೇ ಮೊದಲು ಬಿಡುತ್ತಾರೆ. ಆದ್ದರಿಂದ ಹಂಚಿಕೊಳ್ಳುವ ನಕ್ಷೆಯಲ್ಲಿ ಮುಚ್ಚಳವೂ ಯಂತ್ರದ ಅಂಗವೆಂದೇ ಬರೆದಿರಬೇಕು.

ಬೆಸುಗೆ ಹಾಕುವವರ ಆರೋಗ್ಯದ ಬಗೆಗೂ ಒಂದೆರಡು ಮಾತು. ಬೆಸುಗೆಯ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವರ್ಗೀಕರಿಸಿದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಸೆಯಬಾರದು. ಸತುವು ಲೇಪಿಸಿದ ಪೈಪನ್ನು ಬೆಸೆಯುವ ಮುನ್ನ ಆ ಜಾಗದ ಲೇಪನವನ್ನು ಉಜ್ಜಿ ತೆಗೆಯಬೇಕು. ಇಲ್ಲವಾದರೆ ಸಂಜೆ ಚಳಿಜ್ವರ ಬಂದಂತಾಗುತ್ತದೆ. ಕಪ್ಪು ಗಾಜಿಲ್ಲದೆ ಬೆಂಕಿ ನೋಡಿದರೆ ಕಣ್ಣಿನ ಉರಿ ಕೆಲವು ಗಂಟೆಗಳ ನಂತರ, ರಾತ್ರಿ ಹೊತ್ತು ಶುರುವಾಗುತ್ತದೆ. ಅಂಗಡಿಯ ಮುಂದೆ ನಿಂತು ನೋಡುವ ಮಕ್ಕಳಿಗೂ ಇದೇ ಅಪಾಯವಿದೆ. ಎಣ್ಣೆ ತುಂಬಿದ್ದ ಡ್ರಮ್ಮನ್ನು ಹಾಗೆಯೇ ಕತ್ತರಿಸಲು ಹೋಗುವುದು ಸ್ಫೋಟಕ್ಕೆ ಆಹ್ವಾನ. ಒದ್ದೆ ನೆಲದ ಮೇಲೆ, ಅರ್ಥಿಂಗ್ ಇಲ್ಲದ ಯಂತ್ರವನ್ನು ಮುಟ್ಟಲೇಬಾರದು. ಹವ್ಯಾಸಕ್ಕೆ ಕಲಿಯುತ್ತಿರುವ ಯುವಕರು ಪಳಗಿದವರ ಬಳಿ ಮೊದಲು ಕಲಿಯಬೇಕಾದದ್ದು ಇವನ್ನೇ.

"ಹೇಳಿಕೊಟ್ಟರೆ ನಮ್ಮ ಗತಿಯೇನು?"

ಅಳತೆ ಹೇಳಿಕೊಟ್ಟರೆ ಪಕ್ಕದ ಅಂಗಡಿಯವನು ನಕಲು ಮಾಡುತ್ತಾನೆ, ನಮ್ಮ ಅನ್ನಕ್ಕೆ ಸಂಚಕಾರ ಎಂಬ ಆತಂಕ ಕಸುಬಿನವರಲ್ಲಿದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಸಂಪೂರ್ಣ ಹೊಸದಾದ ಯಂತ್ರವನ್ನು ಕಂಡುಹಿಡಿದವರು ಅದನ್ನು ಬಹಿರಂಗಪಡಿಸುವ ಮುನ್ನವೇ ಪೇಟೆಂಟಿಗೆ ಅರ್ಜಿ ಹಾಕುವುದು ಸೂಕ್ತ. ಮೊದಲೇ ಪ್ರಕಟವಾದರೆ ಆ ಹಕ್ಕಿಗೆ ಧಕ್ಕೆ ಬರಬಹುದು. ಪೇಟೆಂಟಿನ ಅವಧಿ 20 ವರ್ಷ. ಆದರೆ ಕೂರಿಗೆ, ಎಡೆಕುಂಟೆ, ಗೊಬ್ಬರದ ಗಾಡಿ, ಮೇವಿನ ಗೋದಲಿಗಳು ಅಂತಹ ಗುಟ್ಟುಗಳಲ್ಲ. ರೈತ ಒಂದು ಅಂಗಡಿಯನ್ನು ಹುಡುಕಿಕೊಂಡು ಬರುವುದು ಗುಟ್ಟಿಗಾಗಿ ಅಲ್ಲ. ಕೈಗುಣಕ್ಕಾಗಿ, ಹೇಳಿದ ದಿನಕ್ಕೆ ಕೊಡುವ ಮಾತಿಗಾಗಿ, ಮುರಿದಾಗ ರಿಪೇರಿ ಮಾಡಿಕೊಡುವ ನಂಬಿಕೆಗಾಗಿ. ಸಾಲುಗಳ ಅಂತರ ಸುತ್ತಲಿನ ಊರುಗಳಲ್ಲೆಲ್ಲ ಒಂದೇ ಆದರೆ ಒಂದು ಅಂಗಡಿಯ ಎಡೆಕುಂಟೆ ಇನ್ನೊಂದು ಅಂಗಡಿಯ ಕೂರಿಗೆಗೆ ಹೊಂದುತ್ತದೆ. ಆಗ ಗಿರಾಕಿ ಹೆಚ್ಚಾಗುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ಯಾರ ಕಲ್ಪನೆಯೋ ಅವರ ಹೆಸರನ್ನು ನಕ್ಷೆಯ ಮೇಲೆ ಬರೆಯುವ ನಿಯಮವಿದ್ದರೆ ಗೌರವವೂ ಉಳಿಯುತ್ತದೆ.

ನಮ್ಮ ಪಾಲಿನ ಕೆಲಸ

ಬರೀ ಅವರಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಾವು ವಿಜ್ಞಾನಿಗಳು ಶಿಫಾರಸು ಮಾಡುವಾಗ "ಸುಧಾರಿತ ಉಪಕರಣ ಬಳಸಿರಿ" ಎಂದು ಬರೆದು ಬಿಡುತ್ತೇವೆ. ಅದರ ಅಳತೆಯ ನಕ್ಷೆಯನ್ನು ವೆಲ್ಡಿಂಗ್ ಅಂಗಡಿಯವರಿಗೆ ಕನ್ನಡದಲ್ಲಿ ಮುಟ್ಟಿಸಿದ್ದು ಅಪರೂಪ. ಬೆಳೆಯ ಕೈಪಿಡಿಯಲ್ಲಿ ಅಂತರ, ಆಳಗಳ ಪಕ್ಕದಲ್ಲಿಯೇ ಉಪಕರಣದ ನಕ್ಷೆಯೂ ಇರಬೇಕು. ತರಬೇತಿ ಶಿಬಿರಗಳಿಗೆ ರೈತರೊಂದಿಗೆ ಅವರ ಊರಿನ ಬೆಸುಗೆಯವರನ್ನೂ ಕರೆಯಬೇಕು. ಅವರು ಮಾಡಿದ ಉಪಕರಣಗಳನ್ನು ನಮ್ಮ ಪ್ರಯೋಗ ತಾಕುಗಳಲ್ಲಿ ಓಡಿಸಿ, ಗುಣದೋಷಗಳನ್ನು ಮರೆಮಾಚದೆ ತಿಳಿಸಬೇಕು.

ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳ ನಡೆಯುತ್ತ ಬಂದಿರುವುದು ವಾಚಕರಿಗೆ ತಿಳಿದಿದೆ. ಕುಣಬಿ ರೈತರು ಕಾಡಂಚಿನ ಹಿತ್ತಲುಗಳಲ್ಲಿ ಉಳಿಸಿಕೊಂಡು ಬಂದ ಗೆಡ್ಡೆಗಳನ್ನು ಅಲ್ಲಿಗೆ ತರುತ್ತಾರೆ. ನೋಡಿದವರು ಬೀಜಕ್ಕೆಂದು ಒಯ್ಯುತ್ತಾರೆ. ಉಪಕರಣಗಳಿಗೂ ಇಂತಹದೊಂದು ದಿನ ಏಕೆ ಬೇಡ? ಮುಂಗಾರಿಗೆ ಒಂದು ತಿಂಗಳು ಮುಂಚೆ ರಾಮನಗರದಲ್ಲಿಯೋ ಹಳಿಯಾಳದಲ್ಲಿಯೋ ಸಂತೆಯ ದಿನ ನಾಲ್ಕು ತಾಲ್ಲೂಕುಗಳ ಬೆಸುಗೆಯವರು ಸೇರಲಿ. ಕಸುಬಿನವರು, ಹವ್ಯಾಸಿಗಳು ಎಂಬ ಭೇದ ಬೇಡ. ಪ್ರತಿಯೊಬ್ಬರೂ ಒಂದು ಒಳ್ಳೆಯ ಉಪಕರಣವನ್ನೂ, ಮುರಿದುಹೋದ ಒಂದು ಉಪಕರಣವನ್ನೂ ತರಲಿ. ಅಲ್ಲಿಯೇ ಅಳತೆಪಟ್ಟಿ ಹಿಡಿದು ಸಾಲಿನ ಅಂತರಗಳನ್ನು ಬೆಳೆವಾರು ಗೊತ್ತುಮಾಡಿ, ಆ ಪಟ್ಟಿಯನ್ನು ಎಲ್ಲ ಅಂಗಡಿಗಳ ಗೋಡೆಯ ಮೇಲೆ ಬರೆಸೋಣ. ಖರ್ಚು ಒಂದು ಡಬ್ಬಿ ಬಣ್ಣದ್ದು ಮಾತ್ರ.

ರೈತ ಬಾಂಧವರೂ ಒಂದು ಕೆಲಸ ಮಾಡಬೇಕು. ಎಡೆಕುಂಟೆ ಮಾಡಿಸಲು ಹೋಗುವಾಗ ನಿಮ್ಮ ಕೂರಿಗೆಯ ತಾಳುಗಳ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಸಾಧ್ಯವಾದರೆ ಕೂರಿಗೆಯನ್ನೇ ಗಾಡಿಯಲ್ಲಿ ಹೇರಿಕೊಂಡು ಹೋಗಿರಿ. ಮುಂಗಡ ಕೊಡುವ ಮೊದಲು ಅಳತೆ ಕೇಳಿರಿ, ಉಪಕರಣ ಪಡೆಯುವಾಗ ಅಳೆದು ನೋಡಿರಿ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ನಮ್ಮಲ್ಲಿದೆ. ಹತ್ತು ಅಂಗಡಿಗಳ ಒಂದೊಂದು ಅನುಭವ ಸೇರಿದರೆ ಒಂದು ತಾಲ್ಲೂಕಿನ ಬೇಸಾಯಕ್ಕೆ ಸಾಕಾಗುವಷ್ಟು ತಿಳಿವಳಿಕೆ ಆಗುತ್ತದೆ. ಮುಂದಿನ ಮುಂಗಾರಿನಲ್ಲಿ ಆ ಹಳಿಯಾಳದ ಹಿರಿಯರ ಕೂರಿಗೆಗೂ ಎಡೆಕುಂಟೆಗೂ ಹೊಂದಾಣಿಕೆಯಾದರೆ ನಮ್ಮ ಪಾಲಿನ ಕರ್ತವ್ಯವನ್ನು ಸ್ವಲ್ಪಮಟ್ಟಿಗಾದರೂ ಮಾಡಿದಂತಾಗುತ್ತದೆ.