ವೈನರಿ ಪ್ರವಾಸ: ‘ಬರೀ ರುಚಿ ನೋಡಿದ್ದು’ ಅಂದರೆ ಎಷ್ಟು ಕುಡಿದಂತೆ?

ಬೆಳಿಗ್ಗೆ ಬೆಂಗಳೂರಿನಿಂದ ಹೊರಟು, ದೊಡ್ಡಬಳ್ಳಾಪುರ–ನಂದಿ ಬೆಟ್ಟದ ಸುತ್ತಮುತ್ತ ಒಂದೆರಡು ಸಣ್ಣ ವೈನರಿ ನೋಡಿ, ಅಲ್ಲೇ ಊಟ ಮುಗಿಸಿ, ಸಂಜೆಯೊಳಗೆ ಮನೆ ಸೇರುವುದು. ಗಂಡ-ಹೆಂಡತಿ ಇಬ್ಬರೇ ಹೋಗಿಬರಲು ಇದೊಂದು ಹಿತವಾದ ಪ್ರವಾಸ. ಗೈಡ್ ತೋಟ ತೋರಿಸುತ್ತಾರೆ, ಹುದುಗು ಬರಿಸುವ ಟ್ಯಾಂಕುಗಳನ್ನು ತೋರಿಸುತ್ತಾರೆ, ಕೊನೆಗೆ ನಾಲ್ಕೈದು ಬಗೆಯ ವೈನ್‌ನ ರುಚಿ ತೋರಿಸುತ್ತಾರೆ. ಇಂತಹ ಕಡೆ ಕಿವಿಗೆ ಬೀಳುವ ಮಾತುಗಳಲ್ಲಿ ಕೆಲವು ಪೂರ್ತಿ ನಿಜ, ಕೆಲವು ಅರ್ಧ ನಿಜ. ಆದರೆ ನಮಗೆ ಮುಖ್ಯವಾಗಿ ಕಂಡಿದ್ದು ಬಹಳ ಜನ ಮಾಡದೆ ಬಿಡುವ ಒಂದು ಲೆಕ್ಕ. ಅದನ್ನು ಕೊನೆಯಲ್ಲಿ ನೋಡೋಣ.

ನಂದಿ ಬೆಟ್ಟದ ಬುಡದಲ್ಲೇ ಏಕೆ?

ಈ ಭಾಗದ ರೈತರಿಗೆ ದ್ರಾಕ್ಷಿ ಹೊಸದಲ್ಲ. ಇಲ್ಲಿನ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಜಿಐ ಮಾನ್ಯತೆಯೂ ಇದೆ. ಆದರೆ ವೈನರಿಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಬರ್ನೆ ಸೊವಿನ್ಯೋ, ಶಿರಾಜ್‌ನಂತಹ ಯುರೋಪಿನ ತಳಿಗಳು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ರಾತ್ರಿ ತಂಪು. ತಂಪಿದ್ದರೆ ಹಣ್ಣಿನಲ್ಲಿ ಸಿಹಿಯ ಜೊತೆ ಹುಳಿಯೂ ಉಳಿಯುತ್ತದೆ.

ಯುರೋಪಿನ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರೆಗೆ ಜಾರುತ್ತದೆ. ನಮ್ಮಲ್ಲಿ ಅಂತಹ ಚಳಿ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಕೊಂಬೆ ಸವರಿ, ಒಂದೇ ಬೆಳೆ ತೆಗೆಯುತ್ತಾರೆ. ಮೊದಲನೆಯದು ಬೇಸಿಗೆಯಲ್ಲಿ, ಚಿಗುರಿಗಾಗಿ. ಎರಡನೆಯದು ಮಳೆ ಇಳಿದ ಮೇಲೆ, ಹಣ್ಣಿಗಾಗಿ. ವರ್ಷದ ಮೊದಲ ತಿಂಗಳುಗಳಲ್ಲಿ ಹೋದರೆ ಕೊಯ್ಲು ನೋಡಲು ಸಿಗುತ್ತದೆ. ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ವೈನ್ ನೀತಿ ತಂದದ್ದು ಸಣ್ಣ ವೈನರಿಗಳಿಗೆ ದಾರಿ ಮಾಡಿಕೊಟ್ಟಿತು.

ಗ್ಲಾಸಿನಲ್ಲಿ ಗೆರೆ ಇಳಿದರೆ ಒಳ್ಳೆಯ ವೈನೇ?

ಗ್ಲಾಸು ತಿರುಗಿಸಿದಾಗ ಒಳಗೋಡೆಯಲ್ಲಿ ಹನಿಹನಿಯಾಗಿ ಗೆರೆ ಇಳಿಯುತ್ತದೆ. ಇದು ಗುಣಮಟ್ಟದ ಗುರುತು ಎಂಬ ಮಾತಿದೆ. ನಿಜವಲ್ಲ. ಗ್ಲಾಸಿಗೆ ಅಂಟಿದ ತೆಳು ಪದರದಿಂದ ಆಲ್ಕೋಹಾಲ್ ನೀರಿಗಿಂತ ಬೇಗ ಆವಿಯಾಗುತ್ತದೆ. ಉಳಿದ ದ್ರವದಲ್ಲಿ ನೀರಿನ ಪಾಲು ಹೆಚ್ಚಿ ಮೇಲ್ಮೈ ಎಳೆತ ಜಾಸ್ತಿಯಾಗುತ್ತದೆ. ಅದು ಕೆಳಗಿನ ವೈನನ್ನು ಮೇಲಕ್ಕೆ ಎಳೆಯುತ್ತದೆ. ಮೇಲೆ ಸೇರಿದ್ದು ಭಾರವಾಗಿ ಹನಿಯಾಗಿ ಜಾರುತ್ತದೆ. ಜೇಮ್ಸ್ ಥಾಮ್ಸನ್ 1855ರಲ್ಲೇ ಇದನ್ನು ವಿವರಿಸಿದ್ದರು. ಇಂದು ಇದಕ್ಕೆ ‘ಮಾರಂಗೋನಿ ಪರಿಣಾಮ’ ಎಂಬ ಹೆಸರಿದೆ. ಬೇಕಿದ್ದರೆ ಗ್ಲಾಸಿನ ಬಾಯಿಗೆ ತಟ್ಟೆ ಮುಚ್ಚಿ ನೋಡಿ. ಆವಿಯಾಗುವುದು ನಿಂತರೆ ಗೆರೆಯೂ ನಿಲ್ಲುತ್ತದೆ.

ತಲೆನೋವಿಗೆ ಸಲ್ಫೈಟ್ ಕಾರಣವೇ?

ವೈನ್ ಕೆಡದಿರಲೆಂದು ಸಲ್ಫೈಟ್ ಬಳಸುತ್ತಾರೆ. ಅಸ್ತಮಾ ಇರುವ ಕೆಲವರಿಗೆ ಇದು ನಿಜಕ್ಕೂ ತೊಂದರೆ ಕೊಡಬಲ್ಲದು. ಆದರೆ ತಲೆನೋವಿನ ದೂರು ಹೆಚ್ಚಾಗಿ ಬರುವುದು ಕೆಂಪು ವೈನ್ ಬಗ್ಗೆ. ಸಲ್ಫೈಟ್ ಹೆಚ್ಚಾಗಿ ಇರುವುದೋ ಬಿಳಿ ವೈನ್‌ನಲ್ಲಿ. ಒಣ ಏಪ್ರಿಕಾಟ್‌ನಂತಹ ಹಣ್ಣುಗಳಲ್ಲಿ ಇನ್ನೂ ಹೆಚ್ಚು. ಹಾಗಾಗಿ ತಲೆನೋವಿನ ಹೊಣೆಯನ್ನೆಲ್ಲ ಸಲ್ಫೈಟ್ ಮೇಲೆ ಹಾಕುವುದು ಸರಿಯಲ್ಲ. ಆಲ್ಕೋಹಾಲ್ ಮತ್ತು ನೀರಿನ ಕೊರತೆಯ ಪಾಲೂ ಅದರಲ್ಲಿದೆ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೇ?

ಕೊಬ್ಬಿನ ಊಟ ಮಾಡಿದರೂ ಫ್ರಾನ್ಸ್‌ನವರಲ್ಲಿ ಹೃದ್ರೋಗ ಕಡಿಮೆ, ಅದಕ್ಕೆ ವೈನ್ ಕಾರಣವಿರಬಹುದು ಎಂಬ ವಾದ 1990ರ ದಶಕದಲ್ಲಿ ಜನಪ್ರಿಯವಾಯಿತು. ಅಂತಹ ಹಲವು ಅಧ್ಯಯನಗಳಲ್ಲಿ ಒಂದು ದೋಷವಿತ್ತು. ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆಯಿಂದಾಗಿ ಕುಡಿತ ಬಿಟ್ಟವರೂ ಸೇರಿದ್ದರು. ಹಾಗಾಗಿ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರಂತೆ ಕಂಡರು. ಕೆಂಪು ವೈನ್‌ನ ರೆಸ್ವೆರಟ್ರಾಲ್ ಬಗ್ಗೆ ಹೇಳುವುದಾದರೆ, ಲೀಟರಿಗೆ ಸಿಗುವುದು ಕೆಲವೇ ಮಿಲಿಗ್ರಾಂ. ಆಲ್ಕೋಹಾಲ್‌ನ ಇಂತಿಷ್ಟು ಪ್ರಮಾಣ ಸುರಕ್ಷಿತ ಎನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಖುಷಿಗೆ ಕುಡಿಯುವುದು ಬೇರೆ ವಿಷಯ. ಅದನ್ನು ಔಷಧಿ ಎಂದುಕೊಳ್ಳುವುದು ಬೇಡ.

ಬಿಟ್ಟುಹೋಗುವ ಲೆಕ್ಕ

‘ನಾವೇನು ಕುಡಿದಿಲ್ಲ, ಬರೀ ರುಚಿ ನೋಡಿದ್ದು’. ಕಾರಿನ ಬೀಗ ಕೈಗೆ ತೆಗೆದುಕೊಳ್ಳುವಾಗ ಬರುವ ಮಾತು ಇದು. ಒಮ್ಮೆ ಲೆಕ್ಕ ಹಾಕೋಣ.

ಒಂದೊಂದು ಸಲಕ್ಕೆ 50 ಮಿ.ಲೀ. ಎಂದುಕೊಂಡರೆ, ಐದು ಬಗೆಗೆ 250 ಮಿ.ಲೀ. ವೈನ್‌ನಲ್ಲಿ ಶೇ 13ರಷ್ಟು ಆಲ್ಕೋಹಾಲ್ ಇದ್ದರೆ, ದೇಹಕ್ಕೆ ಸೇರಿದ ಶುದ್ಧ ಆಲ್ಕೋಹಾಲ್ ಸುಮಾರು 26 ಗ್ರಾಂ. 30 ಮಿ.ಲೀ.ನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ‘ರುಚಿ ನೋಡಿದ್ದು’ ಎರಡೂವರೆ ಪೆಗ್‌ಗೆ ಸಮ! ಅದೂ ಒಂದೇ ವೈನರಿಯಲ್ಲಿ.

ಗಂಡನ ತೂಕ 70 ಕೆ.ಜಿ., ಹೆಂಡತಿಯದು 55 ಕೆ.ಜಿ. ಎಂದುಕೊಳ್ಳೋಣ. ಖಾಲಿ ಹೊಟ್ಟೆಯಲ್ಲಿ ಇಷ್ಟು ಕುಡಿದರೆ, ವಿಡ್‌ಮಾರ್ಕ್ ಸೂತ್ರದ ಪ್ರಕಾರ ಗಂಡನ 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 50 ಮಿ.ಗ್ರಾಂ. ದಾಟುತ್ತದೆ. ಹೆಂಡತಿಯಲ್ಲಿ ಅದು 80 ದಾಟುತ್ತದೆ. ಇಬ್ಬರೂ ಕುಡಿದದ್ದು ಒಂದೇ ಅಳತೆ. ಆದರೆ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ. ಆಲ್ಕೋಹಾಲ್ ಕರಗುವುದು ಆ ನೀರಿನಲ್ಲೇ. ‘ನಾನು ಆರಾಮಾಗಿದ್ದೀನಿ, ನೀನೂ ಇನ್ನೊಂದು ತಗೋ’ ಎಂದು ಗಂಡ ಹೇಳುವುದು ಈ ಕಾರಣಕ್ಕೆ ತಪ್ಪಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹಾಕಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದೇಹ ಗಂಟೆಗೆ ಕಡಿಮೆ ಮಾಡುವುದು ಸುಮಾರು 15 ಮಿ.ಗ್ರಾಂ. ಮಾತ್ರ. ಅಂದರೆ ಮಿತಿಯೊಳಗೆ ಬರಲು ಗಂಡನಿಗೆ ಒಂದೂವರೆ ಗಂಟೆಗೂ ಹೆಚ್ಚು, ಹೆಂಡತಿಗೆ ಮೂರೂವರೆ ಗಂಟೆಗೂ ಹೆಚ್ಚು ಬೇಕು. ಕಾಫಿ, ಮಜ್ಜಿಗೆ, ತಣ್ಣೀರು ಯಾವುದೂ ಇದನ್ನು ಬೇಗ ಮಾಡುವುದಿಲ್ಲ. ಹೊಟ್ಟೆ ತುಂಬ ಉಂಡರೆ ಏರುವುದು ನಿಧಾನವಾಗುತ್ತದೆ, ಅಷ್ಟೇ. ಇನ್ನು ದಂಡವನ್ನಾದರೂ ಕಟ್ಟಬಹುದು, ಹೆದ್ದಾರಿಯಲ್ಲಿ ಅಪಘಾತವಾದರೆ?

ಹಾಗಾದರೆ ಹೋಗುವುದೇ ಬೇಡವೇ?

ಖಂಡಿತ ಹೋಗಿ. ಹೊರಡುವ ಮೊದಲೇ ಚಾಲಕರಿರುವ ವಾಹನ ಗೊತ್ತುಮಾಡಿಕೊಳ್ಳಿ. ಇಲ್ಲವೇ ಇಬ್ಬರಲ್ಲಿ ಒಬ್ಬರು ಅಂದು ಮುಟ್ಟುವುದೇ ಇಲ್ಲವೆಂದು ಮಾತಾಡಿಕೊಳ್ಳಿ. ರುಚಿ ನೋಡಿ ಉಗುಳಲು ಪಾತ್ರೆ ಕೇಳಿ, ನಾಚಿಕೆ ಬೇಡ. ವೃತ್ತಿಯಲ್ಲಿ ವೈನ್ ರುಚಿ ನೋಡುವವರು ಮಾಡುವುದೂ ಇದನ್ನೇ. ಆದರೂ ಸ್ವಲ್ಪ ಒಳಗೆ ಹೋಗುತ್ತದೆ, ಆದ್ದರಿಂದ ಗಾಡಿ ಓಡಿಸುವವರಿಗೆ ಅದೂ ಬೇಡ. ಗರ್ಭಿಣಿಯರು, ನಿದ್ರೆ ಮಾತ್ರೆ ಅಥವಾ ಮೆಟ್ರೊನಿಡಜೋಲ್‌ನಂತಹ ಔಷಧಿ ತೆಗೆದುಕೊಳ್ಳುತ್ತಿರುವವರು ತೋಟ ನೋಡಿ, ದ್ರಾಕ್ಷಿ ತಿಂದು ಬಂದರೆ ಸಾಕು. ಇಷ್ಟವಾದ ಬಾಟಲಿ ಇದ್ದರೆ ಮನೆಗೆ ತನ್ನಿ. ಅದನ್ನು ತೆರೆಯುವ ದಿನ ಇಬ್ಬರಲ್ಲಿ ಯಾರೂ ಗಾಡಿ ಓಡಿಸಬೇಕಿರುವುದಿಲ್ಲ.