ನಾಲ್ಕನೆಯ ಕಾಳು ಯಾರದು?

ಆಟದ ಸಲಕರಣೆ ಉಳಿದ ಮಾತ್ರಕ್ಕೆ ಆಟವೂ ಉಳಿಯಿತೆಂದು ಭಾವಿಸುವುದು ನಮ್ಮ ಕಾಲದ ಭ್ರಮೆಗಳಲ್ಲಿ ಒಂದು. ಅಳಗುಳಿಮಣೆಯ ವಿಷಯದಲ್ಲಂತೂ ಈ ಭ್ರಮೆ ಬಲವಾಗಿಯೇ ಇದೆ. ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳುಳ್ಳ ಮಣೆ ಇಂದು ನಗರದ ಕರಕುಶಲ ಮಳಿಗೆಗಳಲ್ಲಿ ಮಾರಾಟಕ್ಕಿದೆ; ನಮ್ಮ ಹಂದನಕೆರೆಯ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದರೆ ಈಗಲೂ ಸಿಕ್ಕೀತು. ಆದರೆ ಗುಳಿಯೊಂದಕ್ಕೆ ನಾಲ್ಕನೆಯ ಕಾಳು ಬಿದ್ದಾಗ ಅದರ ಒಡೆತನ ಯಾರದೆಂದು ಕೇಳಿದರೆ, ಖಚಿತವಾಗಿ ಹೇಳಬಲ್ಲವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಮರದಲ್ಲಿ ಗುಳಿಯನ್ನು ಕೊರೆಯಬಹುದು, ನಿಯಮವನ್ನು ಕೊರೆಯಲಾಗದು.

ಈ ಆಟದಲ್ಲಿ ಹಲವು ಪ್ರಕಾರಗಳುಂಟು. ಅವುಗಳಲ್ಲಿ ಒಂದರ ಕ್ರಮ ಹೀಗೆ: ಹದಿನಾಲ್ಕು ಗುಳಿಗಳಿಗೂ ಐದೈದು ಹುಣಸೆಬೀಜಗಳನ್ನು ತುಂಬಿ ಒಟ್ಟು 70 ಬೀಜಗಳಿಂದ ಆಟವನ್ನು ಆರಂಭಿಸುತ್ತಾರೆ. ಆಡುವವರು ಒಂದು ಗುಳಿಯನ್ನು ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವಾಗ, ಮೂರು ಬೀಜಗಳಿದ್ದ ಗುಳಿ ನಾಲ್ಕಾಯಿತೆಂದರೆ ಆ ನಾಲ್ಕೂ ಗುಳಿಯ ಒಡೆಯನಿಗೆ ಸೇರತಕ್ಕವು. ಬಿಟ್ಟ ಕೈ ಎದುರಾಳಿಯದಾದರೂ ಸರಿಯೆ. ತಮಿಳರ ಪಲ್ಲಾಂಗುಳಿಯಲ್ಲಿ ಈ ನಾಲ್ಕಕ್ಕೆ ‘ಪಸು’ ಎಂದು ಹೆಸರು, ಎಂದರೆ ಹಸು. ಯಾರು ಹೊಡೆದುಕೊಂಡು ಬಂದರೇನು, ಯಾರ ಕೊಟ್ಟಿಗೆಗೆ ಹೊಕ್ಕಿತೋ ಅವರದು!

ಇಷ್ಟಕ್ಕೆ ನಿಯಮ ಮುಗಿಯಲಿಲ್ಲ. ಒಡೆಯ ಗಮನಿಸದೆ ಇದ್ದು, ಎದುರಾಳಿಯ ಕೈ ಮುಂದೆ ಸಾಗಿಬಿಟ್ಟರೆ ಗತಿಯೇನು? ಆ ಕ್ಷಣದಲ್ಲೇ ತಡೆದು ಎತ್ತಿಕೊಳ್ಳಬೇಕೆ, ಕೈ ನಿಂತ ಮೇಲೆ ಕೇಳಿದರೂ ನಡೆದೀತೆ? ಮರುಸುತ್ತಿನಲ್ಲಿ ಐದನೆಯ ಬೀಜ ಬಿದ್ದರೆ ಹಕ್ಕು ಅಳಿಯಿತೆ? ಯಾರದು, ಯಾವಾಗ ಕೇಳಬೇಕು, ಕೇಳದಿದ್ದರೆ ಏನಾಗುತ್ತದೆ, ಈ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಆಟದ ಸ್ವಭಾವವೇ ನಿಂತಿದೆ. ಒಂದು ಉತ್ತರ ಕಣ್ಣಿನ ಎಚ್ಚರವನ್ನು ಬೇಡುತ್ತದೆ. ಇನ್ನೊಂದು ದಾಕ್ಷಿಣ್ಯಕ್ಕೆ ಎಡೆಗೊಡುತ್ತದೆ.

ಇದು ಮಕ್ಕಳಾಟಿಕೆಯ ಜಿಜ್ಞಾಸೆಯೆಂದು ನಗುವವರು ಜಪಾನಿನ ಕಡೆಗೊಮ್ಮೆ ನೋಡಬೇಕು. ಚೀನದಿಂದ ಅಲ್ಲಿಗೆ ಹೋದ ಮಾಜಾಂಗ್ ಎಂಬ ಆಟದಲ್ಲಿ 34 ಬಗೆಯ ಬಿಲ್ಲೆಗಳು, ಬಗೆಗೆ ನಾಲ್ಕರಂತೆ ಒಟ್ಟು 136. ಒಂದೇ ಬಗೆಯ ನಾಲ್ಕನ್ನೂ ಕೂಡಿಸಿದವನು ‘ಕಾನ್’ ಎಂದು ಸಾರಬಹುದು. ಈ ಒಂದು ಮಾತಿನ ಸುತ್ತ ಅವರು ಕಟ್ಟಿರುವ ಕಟ್ಟಳೆಗಳನ್ನು ನೋಡಿ! ನಾಲ್ಕನ್ನೂ ತಾನೇ ಎಳೆದುಕೊಂಡದ್ದು ಒಂದು ವಿಧ; ತನ್ನಲ್ಲಿ ಮೂರಿದ್ದು ಇತರರು ಬಿಸುಟ ನಾಲ್ಕನೆಯದನ್ನು ಪಡೆದದ್ದು ಇನ್ನೊಂದು; ಮೊದಲೇ ಸಾರಿ ಮೇಜಿನ ಮೇಲಿಟ್ಟ ಮೂರಕ್ಕೆ ತಾನು ಎಳೆದ ನಾಲ್ಕನೆಯದನ್ನು ಸೇರಿಸುವುದು ಮತ್ತೊಂದು. ಮೂರರ ಗುಂಪಿನ ಎಡೆಯಲ್ಲಿ ನಾಲ್ಕು ಕೂತರೆ ಕೈಯಲ್ಲಿ ಒಂದು ಬಿಲ್ಲೆ ಕೊರೆಯಾಗುತ್ತದಲ್ಲವೆ? ಅದಕ್ಕಾಗಿ ಬೇರೆ ತೆಗೆದಿರಿಸಿದ ಬಿಲ್ಲೆಗಳಿಂದ ಒಂದನ್ನು ತುಂಬಿಕೊಡುತ್ತಾರೆ. ಮೂರನೆಯ ವಿಧದಲ್ಲಿ, ಸೇರಿಸುತ್ತಿರುವ ಆ ಬಿಲ್ಲೆಯಿಂದಲೇ ಮತ್ತೊಬ್ಬನ ಆಟ ಪೂರ್ಣವಾಗುವಂತಿದ್ದರೆ ಅವನು ಅದನ್ನು ಕಸಿದು ಗೆಲ್ಲಲೂಬಹುದು. ನನ್ನ ಮೂರು ಪ್ರಶ್ನೆಗಳಿಗೂ ಅಲ್ಲಿ ಬರೆದಿಟ್ಟ ಉತ್ತರವಿದೆ. ಆದುದರಿಂದಲೇ ಆ ದೇಶವನ್ನು ಕಾಣದವರೂ ಇಂದು ಆ ಆಟವನ್ನು ಆಡಬಲ್ಲರು.

ನಮ್ಮಲ್ಲಿ ಇಂಥ ಶ್ರದ್ಧೆ ಇರಲಿಲ್ಲವೆಂದಲ್ಲ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು. ಅರಸರು ಅರಮನೆಯಲ್ಲಿ ಮಾಡಿದ್ದನ್ನು ನಾವು ಪಡಸಾಲೆಯಲ್ಲಿ ಮುಂದುವರಿಸಲಿಲ್ಲ, ಅಷ್ಟೆ.

ಹಾಗಾದರೆ ನಾಡಿಗೆಲ್ಲ ಒಂದೇ ನಿಯಮಾವಳಿ ಮಾಡಿಬಿಡೋಣವೆ ಎಂದು ಕೇಳಬಹುದು. ಸ್ಪರ್ಧೆ ನಡೆಸುವವರಿಗೆ ಅದು ಅನುಕೂಲವೇನೋ ಹೌದು. ನಾನು ಮಾತ್ರ ಒಪ್ಪಲಾರೆ. ತುಳುನಾಡಿನ ಚೆನ್ನೆಮಣೆ ಗುಳಿಗೆ ನಾಲ್ಕರಂತೆ 56 ಕಾಳುಗಳಿಂದ ಆರಂಭವಾಗುತ್ತದೆ. ಆಟಿ ತಿಂಗಳಿಗೂ ಅದಕ್ಕೂ ನಂಟು. ಐದರ ಲೆಕ್ಕವನ್ನು ಅದರ ಮೇಲೆ ಹೇರುವುದು ನ್ಯಾಯವಲ್ಲ. ಕನ್ನಡ ಪಾಠ ಹೇಳುವ ನನಗೆ ಇದು ಪಾಠಾಂತರಗಳ ಪ್ರಶ್ನೆಯಂತೆ ಕಾಣುತ್ತದೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಒಂದು ಓಲೆಪ್ರತಿಯ ಪಾಠವನ್ನು ಮೇಲಿಟ್ಟು, ಉಳಿದವನ್ನು ಸುಟ್ಟುಹಾಕುವುದಿಲ್ಲ. ಯಾವ ಪ್ರತಿಯಲ್ಲಿ ಏನಿದೆಯೆಂದು ಅಡಿಯಲ್ಲಿ ಕಾಣಿಸುತ್ತಾರೆ. ಆಟದ ನಿಯಮಗಳಿಗೂ ಸಲ್ಲಬೇಕಾದ ಮರ್ಯಾದೆ ಅದೇ. ಆಡುವ ಮೊದಲು ಇಬ್ಬರೂ ಒಂದು ಪಾಠಕ್ಕೆ ಒಪ್ಪಿದರೆ ಸಾಕು, ಜಗಳಕ್ಕೆ ಅವಕಾಶವಿಲ್ಲ.

ನಮ್ಮ ಪ್ರತಿಗಳು ಓಲೆಗಳಲ್ಲ, ಅಜ್ಜಿಯರು. ಓಲೆ ಹುಳು ತಿಂದರೂ ನೂರಾರು ವರ್ಷ ಬಾಳೀತು. ಈ ಪ್ರತಿಗಳಿಗೆ ಅಂಥ ಆಯುಸ್ಸಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ಮನೆಯ ಹಿರಿಯರೆದುರು ಮಣೆಯಿಟ್ಟು ಒಂದಾಟ ಆಡಲಿ. ಮೂರಿದ್ದ ಗುಳಿಗೆ ಬೇಕೆಂದೇ ಒಂದು ಬೀಜ ಬಿಟ್ಟು, ಎದುರಿನ ಕೈ ಏನು ಮಾಡುತ್ತದೆ, ಬಾಯಿ ಏನನ್ನುತ್ತದೆ ಎಂಬುದನ್ನು ನೋಡಿ ಬರೆದುಕೊಳ್ಳಲಿ. ಜತೆಗೆ ಊರಿನ ಹೆಸರನ್ನೂ ತಾರೀಖನ್ನೂ ನಮೂದಿಸಲಿ. ಉಪನ್ಯಾಸಕರು ಅಂಥ ಹಾಳೆಗಳನ್ನು ಕೂಡಿಸಿ ಗ್ರಂಥಭಂಡಾರದಲ್ಲಿ ಇರಿಸಲಿ. ಹಣದ ಖರ್ಚಿಲ್ಲದ ಕೆಲಸ. ಆದರೆ ಹೊತ್ತು ಮೀರಿದರೆ ಹಣದಿಂದಲೂ ಆಗದ ಕೆಲಸ. ಸಕಾಲದಲ್ಲಿ ಕೇಳದವನಿಗೆ ನಾಲ್ಕು ಕಾಳು ದಕ್ಕುವುದಿಲ್ಲವೆಂಬ ಬಿಗಿಯಾದ ಪಾಠವನ್ನು, ಈ ಒಂದು ವಿಷಯದಲ್ಲಾದರೂ, ನಾವು ನಮಗೇ ಅನ್ವಯಿಸಿಕೊಳ್ಳುವುದು ಒಳ್ಳೆಯದು.