ಹಿಗ್ಗಿದ ಕೂಗಳತೆ: ಕಡಿಮೆ ವಿದ್ಯುತ್ತಿನ ಜಾಲ ಯಾವ ಕೆಲಸಕ್ಕೆ ಒದಗುತ್ತದೆ?

ನವಿ ಮುಂಬಯಿಯ ವಾಶಿಯಲ್ಲಿ ನೆಲದ ಬಹುಭಾಗ ಠಾಣೆ ಖಾಡಿ ಎಂಬ ಕಡಲ ಹಿನ್ನೀರಿನ ಜೌಗನ್ನು ತುಂಬಿಸಿ ಪಡೆದದ್ದು. ಅನೇಕ ಕಡೆ ಅದು ದೊಡ್ಡ ಭರತದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಆದ್ದರಿಂದಲೇ ಈ ನಗರ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಇಲ್ಲಿ ಡಚ್ಚರ ಮಾದರಿಯ ಹೋಲ್ಡಿಂಗ್ ಪಾಂಡ್‌ಗಳನ್ನು, ಅಂದರೆ ಮಳೆನೀರು ತಡೆದಿಡುವ ಹೊಂಡಗಳನ್ನು ಮಾಡಿತು. ಭರತ ಏರಿದಾಗ ಖಾಡಿಯ ನೀರಿನ ಒತ್ತಡಕ್ಕೇ ಹೊಂಡದ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ತೆರೆದುಕೊಂಡು ನಿಂತ ನೀರನ್ನು ಬಿಡುತ್ತದೆ. ಜೋರು ಮಳೆಯೂ ದೊಡ್ಡ ಭರತವೂ ಕೂಡಿ ಬಂದ ದಿನ ಎಲ್ಲಕ್ಕಿಂತ ಮೊದಲು ಬೇಕಾಗುವುದು ಒಂದು ಅಂಕಿ: ಹೊಂಡದಲ್ಲಿ ಈಗ ನೀರೆಷ್ಟಿದೆ?

ಇಂಥ ಪುಟ್ಟ ಅಂಕಿಯನ್ನು ದೂರಕ್ಕೆ ಮುಟ್ಟಿಸಲೆಂದೇ ರೂಪುಗೊಂಡದ್ದು ಲೋರಾ ಎಂಬ ರೇಡಿಯೊ ತಂತ್ರ. ಫ್ರಾನ್ಸಿನ ಸೈಕ್ಲಿಯೊ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡಿತು. ಗದ್ದೆಯ ಆಚೆ ಬದಿಯಲ್ಲಿರುವವರನ್ನು ಕರೆಯುವಾಗ ನಾವು ಗಡಿಬಿಡಿಯಲ್ಲಿ ಮಾತನಾಡುವುದಿಲ್ಲ. ಒಂದೇ ಹೆಸರನ್ನು ಎಳೆದೆಳೆದು ಕೂಗುತ್ತೇವೆ. ಲೋರಾ ಮಾಡುವುದೂ ಅದನ್ನೇ. ಸಂದೇಶವನ್ನು ಕಾಲದಲ್ಲಿ ಹಿಗ್ಗಿಸಿ ಕಳಿಸುವುದರಿಂದ, ಸುಮಾರು 25 ಮಿಲಿವಾಟ್‌ನ ಕ್ಷೀಣ ದನಿಯೂ ಗದ್ದಲದ ನಡುವೆ ಗುರುತು ಸಿಗುತ್ತದೆ. ಹತ್ತಿರದಲ್ಲಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ಮುಗಿಯುವ ಸಂದೇಶ, ದೂರಕ್ಕೆ ಹೋಗಬೇಕಾದರೆ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ದೂರ ಸಿಕ್ಕಿತು, ವೇಗ ಹೋಯಿತು. ಉಳಿದ ಹೊತ್ತೆಲ್ಲ ಸಾಧನ ನಿದ್ದೆ ಮಾಡುವುದರಿಂದ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ.

ಈ ನಿದ್ದೆಯಿಂದ ಇನ್ನೊಂದು ಮಿತಿ ಹುಟ್ಟುತ್ತದೆ. ಬ್ಯಾಟರಿಯ ಸಾಧನ ತಾನು ಮಾತನಾಡಿದ ಮೇಲೆ ಒಂದೆರಡು ಸೆಕೆಂಡು ಮಾತ್ರ ಕಿವಿಗೊಡುತ್ತದೆ. ಅದು ನಮ್ಮನ್ನು ಯಾವಾಗ ಬೇಕಾದರೂ ಕರೆಯಬಹುದು. ನಾವು ಅದನ್ನು ಕರೆಯಬೇಕಾದರೆ ಅದು ಏಳುವವರೆಗೆ ಕಾಯಬೇಕು. ಜೊತೆಗೆ, ಭಾರತದಲ್ಲಿ ಲೋರಾ ಬಳಸುವ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗಪಟ್ಟಿಗೆ ಪರವಾನಗಿ ಬೇಕಿಲ್ಲ. ಎಲ್ಲರಿಗೂ ತೆರೆದ ಬಯಲಿನಲ್ಲಿ ಇಬ್ಬರು ಒಮ್ಮೆಲೇ ಕೂಗಿದರೆ ಒಬ್ಬರ ಅಥವಾ ಇಬ್ಬರ ಮಾತೂ ಕಳೆದುಹೋಗಬಹುದು. ಕೆಲವು ಸಂದೇಶಗಳು ತಲುಪುವುದಿಲ್ಲ ಎಂದುಕೊಂಡೇ ಯೋಜನೆ ಹಾಕಬೇಕು.

ಈಗ ಹೊಂಡಕ್ಕೆ ಮರಳೋಣ. ಭರತ ಏರಲು ಸುಮಾರು ಆರು ಗಂಟೆ ಬೇಕು. ಹತ್ತು ನಿಮಿಷಕ್ಕೊಮ್ಮೆ ಅಳತೆ ಬಂದರೆ ಸಾಕು. ದಿನಕ್ಕೆ 144 ಸಂದೇಶಗಳಾಗುತ್ತವೆ. ನಡುವೆ ಒಂದು ತಪ್ಪಿದರೂ ಮುಂದಿನದು ನೀರಿನ ಏರಿಕೆಯನ್ನು ತೋರಿಸುತ್ತದೆ. ವಸತಿ ಸೊಸೈಟಿಯ ನೀರಿನ ಮೀಟರ್ ಇದಕ್ಕಿಂತಲೂ ಅನುಕೂಲದ್ದು. ಅದರ ಅಂಕಿ ಕೂಡುತ್ತಾ ಹೋಗುವಂಥದ್ದಾದ್ದರಿಂದ, ಇವತ್ತಿನ ಸಂದೇಶ ಕಳೆದುಹೋದರೂ ನಾಳಿನದರಲ್ಲಿ ಎರಡೂ ದಿನದ ಲೆಕ್ಕವಿರುತ್ತದೆ. ಎಪಿಎಂಸಿ ಮಾರುಕಟ್ಟೆಗೆ ಬರುವ ಹಣ್ಣು, ಆಲೂಗಡ್ಡೆಗಳನ್ನಿಡುವ ಕೋಲ್ಡ್ ಸ್ಟೋರೇಜ್‌ನಲ್ಲಿ ಉಷ್ಣತೆ ನಿಧಾನವಾಗಿ ಬದಲಾಗುವುದರಿಂದ ಅದೂ ಈ ಸಾಲಿಗೆ ಸೇರುತ್ತದೆ. ಆದರೆ ಲೋಹದ ಗೋಡೆ ರೇಡಿಯೊ ಅಲೆಯನ್ನು ತಡೆಯುತ್ತದೆ. ಅಳೆಯುವ ಕಡ್ಡಿ ಒಳಗಿದ್ದರೂ ಆಂಟೆನಾ ಹೊರಗಿರಬೇಕು. ಬೀದಿದೀಪಕ್ಕೆ ತಂತಿಯಲ್ಲೇ ವಿದ್ಯುತ್ ಸಿಗುತ್ತದೆ, ಆದ್ದರಿಂದ ಅದರ ಸಾಧನ ಎಚ್ಚರವಾಗಿಯೇ ಇದ್ದು ಆಜ್ಞೆಯನ್ನೂ ಕೇಳಬಲ್ಲದು.

ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯ ರಾಸಾಯನಿಕ ಕಾರ್ಖಾನೆಗಳಿಗೆ ಬಂದರೆ ವಿವೇಚನೆ ಹೆಚ್ಚು ಬೇಕು. ಟ್ಯಾಂಕಿನ ಮಟ್ಟ, ಮೋಟಾರಿನ ಬೇರಿಂಗ್‌ನ ಬಿಸಿ ಇವನ್ನು ಗಂಟೆಗೊಮ್ಮೆ ತಿಳಿಸಲು ಈ ಜಾಲ ಚೆನ್ನಾಗಿ ಒದಗುತ್ತದೆ. ಅನಿಲ ಸೋರಿದಾಗ ವಾಲ್ವ್ ಮುಚ್ಚುವ ಹೊಣೆಯನ್ನು ಮಾತ್ರ ಇದಕ್ಕೆ ವಹಿಸಬಾರದು. ಅಲ್ಲಿ ಒಂದೇ ಸಂದೇಶ ತಪ್ಪಿದರೂ ಜೀವಕ್ಕೆ ಅಪಾಯ. ಆ ಕೆಲಸಕ್ಕೆ ತಂತಿಯೇ ಇರಲಿ. ಕ್ಯಾಮೆರಾದ ಚಿತ್ರ ಈ ಸಣ್ಣ ದನಿಗೆ ಹೊರಲಾಗದ ಹೊರೆ. ನೆಲಮಾಳಿಗೆಯಲ್ಲಿ ಚದುರಿದ ಕೆಲವೇ ಮೀಟರ್‌ಗಳಿದ್ದರೆ, ಮೊಬೈಲ್ ಕಂಪನಿಗಳು ಪರವಾನಗಿ ಪಡೆದ ತರಂಗಪಟ್ಟಿಯಲ್ಲಿ ನಡೆಯುವ ಎನ್‌ಬಿ-ಐಒಟಿ ಸೇವೆಯನ್ನೂ ಹೋಲಿಸಿ ನೋಡಬೇಕು. ಅದಕ್ಕೆ ಶುಲ್ಕವಿದೆ, ಆದರೆ ನಾವೇ ಗೇಟ್‌ವೇ, ಅಂದರೆ ಸಂದೇಶ ಹಿಡಿಯುವ ಪೆಟ್ಟಿಗೆ, ನಿಲ್ಲಿಸಬೇಕಿಲ್ಲ.

ಹೀಗೆ ನೋಡಿದರೆ ಆಯ್ಕೆಗೆ ಮೂರು ಪ್ರಶ್ನೆಗಳು ಸಾಕು: ಹೇಳಬೇಕಾದ್ದು ಕೆಲವೇ ಅಂಕಿಗಳೇ? ಅದು ನಿಮಿಷಗಟ್ಟಲೆ ಕಾಯಬಹುದೇ? ಒಮ್ಮೆ ತಪ್ಪಿದರೆ ನಡೆದೀತೇ? ಮೂರಕ್ಕೂ ಹೌದು ಎಂದಾದರೆ ಮುಂದುವರಿಯಬಹುದು.

ನನಗೆ ನಾಲ್ಕನೆಯದೂ ಮುಖ್ಯವೆನಿಸುತ್ತದೆ: ಹತ್ತು ವರ್ಷ ಇದನ್ನು ನೋಡಿಕೊಳ್ಳುವವರು ಯಾರು? ಇದೇ ಬಗೆಯ ಜಾಲವನ್ನು ಹಲವು ದೇಶಗಳಲ್ಲಿ ಹರಡಿದ್ದ ಫ್ರಾನ್ಸಿನ ಸಿಗ್‌ಫಾಕ್ಸ್ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿ ಬೇರೆಯವರ ಕೈಸೇರಿತು. ಬ್ಯಾಟರಿಯ ಆಯಸ್ಸು ಕೇಳುವವರು ಸೇವೆಯ ಆಯಸ್ಸನ್ನೂ ಕೇಳಬೇಕು. ಖರೀದಿಯ ಕರಾರಿನಲ್ಲಿ ಬ್ಯಾಟರಿ ಬದಲಿಸುವವರ ಜೊತೆಗೆ, ಮಳೆಯ ರಾತ್ರಿ ಹೊಂಡದ ಅಂಕಿ ಏರಿದಾಗ ಎದ್ದು ನೀರೆತ್ತುವ ಪಂಪಿನ ಬಳಿಗೆ ಹೋಗುವ ಹುದ್ದೆ ಯಾವುದು ಎಂಬುದೂ ಬರೆದಿರಲಿ. ಕೂಗು ಎಷ್ಟು ದೂರ ಮುಟ್ಟಿದರೂ ಓಗೊಡುವವರಿದ್ದಾಗಲೇ ಅದಕ್ಕೆ ಬೆಲೆ.